ಪೂಜೆಯ ಮರುದಿನದ ಅಡುಗೆಮನೆ: ಉಳಿದ ಕಾಯಿ ಗಡಿ, ಹಿಟ್ಟು, ಅನ್ನ, ಎಣ್ಣೆ ಏನು ಮಾಡುವುದು?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಕಳೆದ ವಾರ ಸತ್ಯನಾರಾಯಣ ಪೂಜೆ ಇತ್ತು. 100 ಜನರ ಅಂದಾಜಿಗೆ ಅಡುಗೆ ಸಾಮಾನು ತಂದಿದ್ದೆವು, ಜೋರು ಮಳೆಯಿಂದಾಗಿ 60 ಜನ ಬಂದರು. 18 ಕಾಯಿ ಗಡಿ (ಒಡೆದ ತೆಂಗಿನಕಾಯಿಯ ಹೋಳು), ದೊಡ್ಡ ಪಾತ್ರೆಯಲ್ಲಿ ದೋಸೆ ಹಿಟ್ಟು, ಬೆಳ್ತಿಗೆ (ಕುಚ್ಚಲಲ್ಲದ) ಅನ್ನ, ಅಂಬಡೆ (ವಡೆ) ಮತ್ತು ಹಪ್ಪಳ ಕರಿದ ಸುಮಾರು 2 ಲೀಟರ್ ತೆಂಗಿನೆಣ್ಣೆ, ಅರ್ಧ ಬೂದುಕುಂಬಳ ಉಳಿಯಿತು. ಗಡಿಗೆ ಉಪ್ಪು ಸವರಿ ಇಟ್ಟರೆ ಏನೂ ಆಗುವುದಿಲ್ಲ ಎಂದು ಅತ್ತೆ ಹೇಳಿದರು. ಫ್ರಿಜ್‌ನಲ್ಲಿಟ್ಟದ್ದು ಮರುದಿನಕ್ಕೆ ವಿಷ ಎನ್ನುವುದು ಮಗನ ವಾದ. ಹಿಟ್ಟು ಹುಳಿಯಾದರೆ ಸೋಡ ಹಾಕಿ ಎಂದರು ನೆರೆಮನೆಯವರು. ಈ ನಡುವೆ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಮೂರನೇ ದಿನ ನೋಡಿದರೆ ಗಡಿಗಳ ಒಳಗೆಲ್ಲ ಅಂಟಂಟು, ಎರಡರಲ್ಲಿ ನಸುಗೆಂಪು ಬಣ್ಣ. ತೊಳೆದು, ಚೆನ್ನಾಗಿ ಕುದಿಯುವ ಸಾಂಬಾರಿಗೆ ಅರೆದು ಹಾಕಬಹುದೇ? ಎಸೆಯಲು ಮನಸ್ಸು ಬರುವುದಿಲ್ಲ. ಮುಂದಿನ ಸಲಕ್ಕಾದರೂ ಸರಿಯಾದ ಕ್ರಮ ತಿಳಿಸಿ.

ಉತ್ತರ: ಮೊದಲು ತುರ್ತಿನ ಮಾತು. ಅಂಟಾದ, ನಸುಗೆಂಪಾದ ಗಡಿಗಳನ್ನು ಬಳಸಬೇಡಿ. ತೊಳೆದೂ ಬೇಡ, ಕುದಿಸಿಯೂ ಬೇಡ, ಮೇಲಿನ ಪದರ ಕೆರೆದು ತೆಗೆದೂ ಬೇಡ.

ನಿಮ್ಮ ಪತ್ರದಲ್ಲಿ ಕಾಣುವ ಚಿಂತೆ ಎರಡು. ಬೆಲೆ ಕೊಟ್ಟು ತಂದದ್ದು, ಅದರಲ್ಲೂ ದೇವರ ಮುಂದೆ ಒಡೆದದ್ದು ಹಾಳಾಗಬಾರದು. ಹಾಗೆಂದು ತಿಂದವರ ಹೊಟ್ಟೆ ಕೆಡಲೂ ಬಾರದು. ಎರಡನ್ನೂ ಒಟ್ಟಿಗೆ ಸಾಧಿಸಲು ಬರುತ್ತದೆ, ಆದರೆ ಅದಕ್ಕಿರುವ ಸಮಯ ಪೂಜೆಯ ದಿನ ಮಧ್ಯಾಹ್ನ ಊಟವಾದ ಮೇಲಿನ ಒಂದೆರಡು ಗಂಟೆ ಮಾತ್ರ. ಎಲ್ಲರೂ ದಣಿದು ಒರಗುವ ಹೊತ್ತು ಅದು. ಮೂರನೇ ದಿನ ಯಾವ ಉಪಾಯವೂ ನಡೆಯುವುದಿಲ್ಲ, ಏಕೆಂದರೆ ಫ್ರಿಜ್ ಕೆಡುವುದನ್ನು ನಿಧಾನ ಮಾಡುತ್ತದೆಯೇ ಹೊರತು ಆಗಲೇ ಶುರುವಾದದ್ದನ್ನು ಹಿಂದಕ್ಕೆ ತರುವುದಿಲ್ಲ. ಸಂಜೆ ಆರಕ್ಕೆ ಒಳಗಿಟ್ಟ ವಸ್ತು ಅಷ್ಟು ಹೊತ್ತಿಗೆ ಯಾವ ಸ್ಥಿತಿಯಲ್ಲಿತ್ತೋ ಅಲ್ಲಿಂದಲೇ ಮುಂದೆ ಕೆಡುತ್ತಾ ಹೋಗುತ್ತದೆ.

ಕಾಯಿ ಗಡಿ

ಒಡೆದ ತೆಂಗಿನಕಾಯಿ ಇಷ್ಟು ಬೇಗ ಏಕೆ ಕೆಡುತ್ತದೆ? ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು, ಮೂರನೇ ಒಂದು ಭಾಗ ಕೊಬ್ಬು, ಜೊತೆಗೆ ಸ್ವಲ್ಪ ಸಕ್ಕರೆ ಮತ್ತು ಪ್ರೊಟೀನು. ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗದು. ಚಿಪ್ಪು ಇಡಿಯಾಗಿರುವ ತನಕ ಒಳಗಿನ ತಿರುಳು ಶುದ್ಧವಾಗಿರುತ್ತದೆ. ಒಡೆದ ಕ್ಷಣದಿಂದ ಕತ್ತಿ, ಕೈ, ನಾರಿನ ಧೂಳು, ನೆಲ ಎಲ್ಲವೂ ಅದಕ್ಕೆ ತಗಲುತ್ತವೆ. ಪೂಜೆಯ ಗಡಿಗಂತೂ ಕುಂಕುಮ, ಹೂವು, ಅಕ್ಷತೆ, ತೀರ್ಥದ ನೀರು ತಾಗಿ, ಮೂರು ನಾಲ್ಕು ಗಂಟೆ ಬೆಚ್ಚಗಿನ ಕೋಣೆಯಲ್ಲಿ ಕುಳಿತಿರುತ್ತದೆ. ಅಡುಗೆಗೆಂದು ಆಗ ತಾನೇ ಒಡೆದ ಗಡಿಗೆ ಕೊಡುವ ಅವಧಿಯನ್ನು ಇದಕ್ಕೆ ಕೊಡಬಾರದು.

ಕೆಡುವುದನ್ನು ಹತ್ತಿರದಿಂದ ನೋಡಿದರೆ ಗುರುತು ಹಿಡಿಯುವುದು ಸುಲಭ. ಮೊದಲು ತಿರುಳಿನ ಹೊಳಪು ಹೋಗಿ ಮಂಕಾಗುತ್ತದೆ. ಬೆರಳಿಟ್ಟು ಎಳೆದರೆ ಸಾಬೂನು ನೀರಿನ ಹಾಗೆ ಜಾರುತ್ತದೆ. ಅದು ಬ್ಯಾಕ್ಟೀರಿಯಾ ಕಟ್ಟಿದ ಪದರ. ಆಮೇಲೆ ಗಡಿಯ ತಳದಲ್ಲಿ, ನೀರು ಇಳಿದು ನಿಲ್ಲುವ ಗುಳಿಯಲ್ಲಿ, ತೆಳು ಹಳದಿ ಅಥವಾ ನಸುಗೆಂಪು ಕಾಣುತ್ತದೆ. ಬಣ್ಣ ಬಂತೆಂದರೆ ಬ್ಯಾಕ್ಟೀರಿಯಾ ಅಥವಾ ಯೀಸ್ಟು ಲಕ್ಷಗಟ್ಟಲೆ ಬೆಳೆದಾಗಿದೆ ಎಂದೇ ತಿಳಿಯಿರಿ. ಬಣ್ಣವಿಲ್ಲದೆ ಬರೀ ರುಚಿ ಕೆಟ್ಟದ್ದೂ ಉಂಟು. ಬಾಯಿಗೆ ಹಾಕಿದರೆ ಸಾಬೂನಿನ ರುಚಿ ಬರುವುದು ಕೊಬ್ಬು ಒಡೆದು ಲಾರಿಕ್ ಆಮ್ಲದಂಥವು ಬಿಡುಗಡೆಯಾದಾಗ. ಕಮಟು ವಾಸನೆ ಬರುವುದು ಗಾಳಿ ತಾಗಿ ಕೊಬ್ಬು ಹಳಸಿದಾಗ.

ಕುದಿಸಿದರೆ ಕ್ರಿಮಿ ಸಾಯುವುದಿಲ್ಲವೇ ಎಂದು ಕೇಳುತ್ತೀರಿ. ಸಾಯುತ್ತವೆ. ಆದರೆ ಅವು ಆಗಲೇ ಬಿಟ್ಟಿರುವ ವಿಷಗಳಲ್ಲಿ ಕೆಲವು ಕುದಿಗೆ ಬಗ್ಗುವುದಿಲ್ಲ. ತೆಂಗಿನ ವಿಷಯದಲ್ಲಿ ಇದು ಬರೀ ಹೆದರಿಕೆಯ ಮಾತಲ್ಲ. ಇಂಡೋನೇಷ್ಯಾದಲ್ಲಿ ತೆಂಗಿನ ಹಿಂಡಿಯನ್ನು ಹುದುಗಿಸಿ ಮಾಡುತ್ತಿದ್ದ ಒಂದು ತಿನಿಸಿನಲ್ಲಿ ಬೊಂಗ್‌ಕ್ರೆಕಿಕ್ ಆಮ್ಲವೆಂಬ ವಿಷ ಹುಟ್ಟಿ ಬಹಳ ಜನ ಸತ್ತು, 1988ರಲ್ಲಿ ಅದರ ತಯಾರಿಯನ್ನೇ ಅಲ್ಲಿ ನಿಷೇಧಿಸಿದರು. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ನಿಮ್ಮ ಮನೆಯ ಗಡಿಯಲ್ಲಿ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಹಳಸಿದ ತೆಂಗನ್ನು ಕುದಿಸಿ ಶುದ್ಧ ಮಾಡುತ್ತೇವೆ ಎಂಬ ನಂಬಿಕೆಗೆ ಆಧಾರವಿಲ್ಲ ಎನ್ನುವುದಕ್ಕೆ ಈ ಉದಾಹರಣೆ.

ಇನ್ನು ನಿಮ್ಮ ಅತ್ತೆಯವರ ಉಪ್ಪು. ಅದರಲ್ಲಿ ಹುರುಳಿದೆ. ಉಪ್ಪು ತಿರುಳಿನ ಮೇಲ್ಮೈಯ ನೀರನ್ನು ಎಳೆದುಕೊಂಡು ಕ್ರಿಮಿಗಳಿಗೆ ದಕ್ಕದಂತೆ ಮಾಡುತ್ತದೆ. ಗಡಿಯನ್ನು ಒಣ ಬಟ್ಟೆಯಲ್ಲಿ ಒರಸಿ, ಅರ್ಧ ಚಮಚ ಪುಡಿ ಉಪ್ಪು ಒಳಗೆಲ್ಲ ಸವರಿ, ನೀರು ಇಳಿಯುವಂತೆ ಕವುಚಿ ಇಟ್ಟರೆ ಈ ಸಂಜೆಯ ಗಡಿ ನಾಳೆ ಬೆಳಗ್ಗೆಯ ಚಟ್ನಿಗೆ ಸರಿಯಾಗಿರುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಕಾಗಿದ್ದದ್ದೂ ಅಷ್ಟೇ. ಆದರೆ ಉಪ್ಪು ಮೇಲಿನ ತೆಳು ಪದರದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮಳೆಗಾಲದ ತೇವಕ್ಕೆ ಬೇಗ ಕರಗಿ ಜಿನುಗಿ ಹೋಗುತ್ತದೆ. ಒಂದು ರಾತ್ರಿಯ ಉಪಾಯವನ್ನು ಮೂರು ದಿನಕ್ಕೆ ಎಳೆದದ್ದರಿಂದ ಹೀಗಾಯಿತು. ಕಣ್ಣಿರುವ ಗಡಿಯನ್ನು ಮೊದಲು ಬಳಸಬೇಕು ಎನ್ನುವ ರೂಢಿಯನ್ನೂ ಬಿಡಬೇಡಿ. ಕಣ್ಣಿನ ಭಾಗದಲ್ಲಿ ಚಿಪ್ಪು ಮೆತ್ತಗಿರುವುದರಿಂದ ಕೆಡುವುದು ಅಲ್ಲಿಂದಲೇ ಬೇಗ.

ಹಾಗಾದರೆ 18 ಗಡಿಯನ್ನು ಏನು ಮಾಡಬೇಕಿತ್ತು? ಅದೇ ಮಧ್ಯಾಹ್ನ ತುರಿದು ಫ್ರೀಜರ್‌ಗೆ ಹಾಕಬೇಕಿತ್ತು. ಗಡಿಯಾಗಿಯೇ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟರೆ, ಒರಸಿ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ. ತುರಿಯಾದರೆ ಎರಡೇ ದಿನ, ಏಕೆಂದರೆ ತುರಿದಷ್ಟೂ ಗಾಳಿಗೆ ಮತ್ತು ಕೈಗೆ ತಾಗುವ ಜಾಗ ಹೆಚ್ಚು. ಫ್ರೀಜರ್‌ನಲ್ಲಿ, ಅಂದರೆ ಮೈನಸ್ 18 ಡಿಗ್ರಿಯಲ್ಲಿ, ಅದೇ ತುರಿ ಮೂರು ತಿಂಗಳು ಚೆನ್ನಾಗಿರುತ್ತದೆ.

ಕ್ರಮ ಹೀಗೆ. ಕುಂಕುಮ ತಾಗಿದ ಜಾಗವನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಮತ್ತೆ ಒಣ ಬಟ್ಟೆಯಲ್ಲಿ ಒರಸಿ. ನಲ್ಲಿಯಡಿ ಹಿಡಿದು ತೊಳೆದು ಒದ್ದೆ ಹಾಗೆಯೇ ಇಡಬೇಡಿ. ಪ್ರತಿ ಗಡಿಯನ್ನೂ ಮೂಸಿ ನೋಡಿ, ತುರಿಯುವ ಮೊದಲು ಸಣ್ಣ ಚೂರು ಬಾಯಿಗೆ ಹಾಕಿ. ಒಂದು ಗಡಿ ಕೆಟ್ಟಿದ್ದರೆ ಅದರೊಂದಿಗೆ ಬೆರೆತ ತುರಿಯೆಲ್ಲ ಹೋಗುತ್ತದೆ. ತುರಿಯನ್ನು ನಿಮ್ಮ ಮನೆಯ ಒಂದು ಹೊತ್ತಿನ ಲೆಕ್ಕಕ್ಕೆ ಪಾಲು ಮಾಡಿ. ನಾಲ್ಕು ಜನರ ಸಾಂಬಾರಿಗೆ ಒಂದು ಕಪ್ ಸಾಕು, ಸಾಧಾರಣ ಗಡಿಯೊಂದರಲ್ಲಿ ಸುಮಾರು ಅಷ್ಟು ಸಿಗುತ್ತದೆ. ಪಾಲನ್ನು ಜಿಪ್ ಚೀಲಕ್ಕೆ ತುಂಬಿ, ಕೈಯಿಂದ ಅಮುಕಿ ಗಾಳಿ ತೆಗೆದು, ಅರ್ಧ ಇಂಚು ದಪ್ಪಕ್ಕೆ ಚಪ್ಪಟೆ ಮಾಡಿ. ಉಂಡೆಯಾಗಿ ತುಂಬಿದರೆ ನಡುಭಾಗ ಹೆಪ್ಪುಗಟ್ಟಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಅಲ್ಲಿ ಹುಳಿ ಬಂದಿರುತ್ತದೆ. ಆಮೇಲೆ ಬೇಕಾದಷ್ಟನ್ನು ಮುರಿದು ತೆಗೆಯಲೂ ಆಗುವುದಿಲ್ಲ. ಚೀಲದ ಮೇಲೆ ತಾರೀಕು ಬರೆಯಿರಿ.

ಬಳಸುವಾಗ ಹೊರಗಿಟ್ಟು ಕರಗಿಸಬೇಡಿ. ಮಿಕ್ಸಿಗೆ ಹಾಗೆಯೇ ಹಾಕಿ, ಬಿಸಿನೀರು ಸೇರಿಸಿ ಅರೆಯಿರಿ. ಹೆಪ್ಪುಗಟ್ಟಿದ ತುರಿಯಿಂದ ತಣ್ಣೀರು ಹಾಕಿ ಕಾಯಿಹಾಲು ತೆಗೆದರೆ ಜಿಡ್ಡು ಹರಳಾಗಿ ಬೇರೆಯೇ ತೇಲುತ್ತದೆ. ಬೆಚ್ಚಗಿನ ನೀರಾದರೆ ಹಾಲು ಸರಿಯಾಗಿ ಬರುತ್ತದೆ. ಸಾಂಬಾರು, ಮಜ್ಜಿಗೆಹುಳಿ, ಪಲ್ಯಕ್ಕೆ ಈ ತುರಿಗೂ ತಾಜಾ ತುರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಸಿ ಚಟ್ನಿ ಮತ್ತು ತಂಬುಳಿಗೆ ಮಾತ್ರ ಆ ದಿನ ಒಡೆದ ಕಾಯಿಯೇ ಚೆಂದ.

ಫ್ರೀಜರ್‌ನಲ್ಲಿ ಜಾಗವಿಲ್ಲದವರು ನೀರನ್ನು ತೆಗೆಯುವ ಅಥವಾ ಸಕ್ಕರೆಯಿಂದ ಕಟ್ಟಿಹಾಕುವ ದಾರಿ ಹಿಡಿಯಬಹುದು. ಕಾಯಿ ಬರ್ಫಿ ಇದಕ್ಕೇ ಸರಿ. ತುರಿಯ ತೂಕದಷ್ಟೇ ಸಕ್ಕರೆ ಹಾಕಿ, ತಳ ಬಿಡುವ ತನಕ ಕಾಯಿಸಿದರೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ಪಾಕ ಗಟ್ಟಿಯಾಗದಿದ್ದರೆ ಮೂರನೇ ದಿನ ಬೂಷ್ಟು ಬರುತ್ತದೆ. ಚಟ್ನಿಪುಡಿಗಾದರೆ ತುರಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವ ತನಕ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ತನಕ ಹುರಿಯಬೇಕು. ಉರಿ ಜೋರಾದರೆ ಹೊರಗೆ ಕಂದಾಗಿ ಒಳಗೆ ತೇವ ಉಳಿಯುತ್ತದೆ. ಸಿಹಿ ಇಷ್ಟವಿದ್ದವರು ತೆಂಗಿನ ಚಿಪ್ಸ್ ಮಾಡಬಹುದು. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ರೂಪಿಸಿದ ವಿಧಾನದ ತಿರುಳು ಇಷ್ಟೇ: ತೆಳು ಹೋಳುಗಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ ತೇವ ಹೊರಗೆಳೆಸಿ, ಆಮೇಲೆ ಡ್ರೈಯರ್‌ನಲ್ಲಿ ಒಣಗಿಸುವುದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡಲೇಬಾರದ ಕೆಲಸವೊಂದಿದೆ. ಗಡಿಗಳನ್ನು ಕೊಬ್ಬರಿಯಾದೀತೆಂದು ಅಂಗಳದ ಅಂಚಿನಲ್ಲೋ ಅಟ್ಟದ ಮೇಲೋ ಬಿಡುವುದು. ಕೊಬ್ಬರಿ ಕೆಡದೆ ನಿಲ್ಲಬೇಕಾದರೆ ತೇವಾಂಶ ಶೇಕಡ 6ರ ಸುಮಾರಿಗೆ ಇಳಿಯಬೇಕು. ಮಳೆಗಾಲದಲ್ಲಿ ಬೆಂಕಿಯ ಕಾವಿಲ್ಲದೆ ಅದು ಸಾಧ್ಯವಿಲ್ಲ. ಅರೆ ಒಣಗಿದ ಗಡಿಯಲ್ಲಿ ಹಳದಿ ಮಿಶ್ರಿತ ಹಸಿರು ಬೂಷ್ಟು ಕಂಡರೆ ಅದು ಅಫ್ಲಾಟಾಕ್ಸಿನ್ ಮಾಡುವ ಜಾತಿಯದ್ದಾಗಿರಬಹುದು. ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ಕೆಡುಕು ಮಾಡುವ ವಿಷವದು. ಕೆರೆದರೂ ಹುರಿದರೂ ಹೋಗುವುದಿಲ್ಲ. ಅಂಥದ್ದನ್ನು ಎಣ್ಣೆಗೆಂದು ಮಿಲ್ಲಿಗೂ ಕೊಡಬೇಡಿ, ದನಕ್ಕೂ ಹಾಕಬೇಡಿ. ದನಕ್ಕೆ ಹಾಕಿದರೆ ಹಾಲಿನಲ್ಲಿ ಮತ್ತೆ ನಿಮ್ಮ ಮನೆಗೇ ಬರುತ್ತದೆ.

ದೋಸೆ ಹಿಟ್ಟು

ಉದ್ದು ಹಾಕಿದ ಹಿಟ್ಟಿನ ಸ್ವಭಾವವೇ ಬೇರೆ. ಹುದುಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹುಳಿಯನ್ನು ಏರಿಸಿ, ರೋಗ ತರುವ ಜಾತಿಗಳಿಗೆ ಜಾಗ ಕೊಡದೆ ಹಿಟ್ಟನ್ನು ತಾವೇ ಕಾಯುತ್ತವೆ. ಆದ್ದರಿಂದ ಹುಳಿಯಾದ ಹಿಟ್ಟು ಕೆಟ್ಟ ಹಿಟ್ಟಲ್ಲ. ಸರಿಯಾಗಿ ಉಬ್ಬಿದ ಹಿಟ್ಟನ್ನು ಕೂಡಲೇ ಫ್ರಿಜ್‌ಗೆ ಸೇರಿಸಿದರೆ ನಾಲ್ಕೈದು ದಿನ ಬಳಸಬಹುದು. ಮೇಲೆ ತಿಳಿ ನೀರು ನಿಂತರೆ ಕಲಕಿದರಾಯಿತು. ಕಪ್ಪು, ಹಸಿರು, ಕಿತ್ತಳೆ ಚುಕ್ಕೆ ಕಂಡರೆ ಅಥವಾ ಹುಳಿ ವಾಸನೆಯ ಬದಲು ಕೊಳೆತ ವಾಸನೆ ಬಂದರೆ ಮಾತ್ರ ಎಲ್ಲವನ್ನೂ ಚೆಲ್ಲಿ.

ಸೋಡ ಹಾಕುವುದು ರುಚಿಯ ತಿದ್ದುಪಡಿ ಅಷ್ಟೇ. ಹುಳಿಯನ್ನು ತಟಸ್ಥ ಮಾಡಿ ಒಂದಿಷ್ಟು ಗಾಳಿ ಹುಟ್ಟಿಸುತ್ತದೆ. ಲೀಟರ್ ಹಿಟ್ಟಿಗೆ ಕಾಲು ಚಮಚ ಮೀರಿದರೆ ದೋಸೆ ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ. ಕಲಸಿದ ಹಿಟ್ಟನ್ನು ಕೂಡಲೇ ಹೊಯ್ಯಬೇಕು, ಮತ್ತೆ ಎತ್ತಿಡುವಂತಿಲ್ಲ, ಏಕೆಂದರೆ ಹಿಟ್ಟನ್ನು ಕಾಯುತ್ತಿದ್ದ ಹುಳಿಯನ್ನೇ ನೀವು ತೆಗೆದಿರುತ್ತೀರಿ. ಇದಕ್ಕಿಂತ ಒಳ್ಳೆಯದು ನಾಲ್ಕು ಕಪ್ ಹುಳಿ ಹಿಟ್ಟಿಗೆ ಒಂದು ಕಪ್ ಹೊಸದಾಗಿ ಅರೆದ ಬೆಳ್ತಿಗೆ ಅಕ್ಕಿ ಸೇರಿಸಿ ಆಗಲೇ ಹೊಯ್ಯುವುದು. ನೀರುಳ್ಳಿ, ಹಸಿಮೆಣಸು, ಕರಿಬೇವಿನ ಸೊಪ್ಪು ಹೆಚ್ಚಿ ಹಾಕಿ ಗುಳಿಯಪ್ಪ ಮಾಡಿದರೆ ಹುಳಿಯೇ ರುಚಿ.

ಮುಂದಿನ ಸಲ ದೊಡ್ಡ ಪಾತ್ರೆಯ ಹಿಟ್ಟಿಗೆಲ್ಲ ಒಮ್ಮೆಲೇ ಉಪ್ಪು ಕಲಸಿ ಹೊರಗಿಡಬೇಡಿ. ಅರೆದ ದಿನವೇ ಅರ್ಧವನ್ನು ಉಬ್ಬುವ ಮೊದಲೇ ಫ್ರಿಜ್‌ಗೆ ಹಾಕಿ. ಬೇಕೆಂದಾಗ ಹಿಂದಿನ ಸಂಜೆ ಹೊರತೆಗೆದರೆ ಬೆಳಗ್ಗೆಗೆ ಉಬ್ಬುತ್ತದೆ. ಬೇಡವಾದರೆ ಹುಳಿಯೂ ಏರಿರುವುದಿಲ್ಲ. ನೀರುದೋಸೆ ಹಿಟ್ಟಿಗೆ ಈ ಯಾವ ರಕ್ಷಣೆಯೂ ಇಲ್ಲ. ತೆಂಗಿನ ತುರಿ ಹಾಕಿ ಅರೆದಿದ್ದರೆ ಅದೇ ದಿನ, ಬರೀ ಅಕ್ಕಿಯಾದರೆ ಫ್ರಿಜ್‌ನಲ್ಲಿ ಮರುದಿನದ ತನಕ.

ಅನ್ನ

ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿರುವುದು ಇಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಹಜವಾಗಿ ಇರುತ್ತವೆ. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೇ ಉಳಿದರೆ ಮೊಳೆತು ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ವಿಷ ಹುಟ್ಟುವುದು ಫ್ರಿಜ್‌ನಲ್ಲಲ್ಲ, ಅದಕ್ಕೆ ಮೊದಲು ಚೆರಿಗೆಯಲ್ಲಿ ಮುಚ್ಚಿಟ್ಟ ಹೊತ್ತಿನಲ್ಲಿ. ದೊಡ್ಡ ಚೆರಿಗೆಯ ನಡುವಿನ ಅನ್ನ ಸಂಜೆಯಾದರೂ ಬೆಚ್ಚಗಿರುತ್ತದೆ.

ಹಾಗಾಗಿ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಗಳಲ್ಲಿ ಎರಡು ಇಂಚು ದಪ್ಪ ಮೀರದಂತೆ ಹರಡಿ, ಫ್ಯಾನ್ ಗಾಳಿಗೆ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮರುದಿನದೊಳಗೆ ಬಳಸಿ, ಆವಿ ಏಳುವಷ್ಟು ಒಮ್ಮೆ ಮಾತ್ರ ಬಿಸಿ ಮಾಡಿ. ಫ್ರಿಜ್‌ನಲ್ಲಿ ಅನ್ನ ಗಟ್ಟಿಯಾಗುವುದು ಪಿಷ್ಟ ಮತ್ತೆ ಬಿಗಿಗೊಳ್ಳುವುದರಿಂದ, ಅದು ಕೆಟ್ಟ ಲಕ್ಷಣವಲ್ಲ. ನೀರು ಚಿಮುಕಿಸಿ ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ದೋಸೆಗೆ ನಾಲ್ಕು ಕಪ್ ಅಕ್ಕಿ ಅರೆಯುವಾಗ ಒಂದು ಕಪ್ ಅನ್ನ ಸೇರಿಸಬಹುದು. ಅಕ್ಕಿ ರೊಟ್ಟಿಯ ಹಿಟ್ಟಿಗೂ ಆಗುತ್ತದೆ. ತಂಗಳನ್ನ ಮಾಡುವುದಾದರೆ ಆರಿದ ಕೂಡಲೇ ಕುದಿಸಿ ತಣಿಸಿದ ನೀರು ಹಾಕಿ, ಸ್ವಲ್ಪ ಮಜ್ಜಿಗೆ ಬೆರೆಸಿ. ಮಳೆಗಾಲದಲ್ಲಿ ಬಾವಿಯ ನೀರು ಕಲಕಿರುತ್ತದೆ, ಹಸಿ ನೀರು ಹಾಕಬೇಡಿ. ಮಧ್ಯಾಹ್ನದಿಂದ ರಾತ್ರಿ ತನಕ ಚೆರಿಗೆಯಲ್ಲೇ ಇದ್ದ ಅನ್ನ ಇದಕ್ಕೆ ಆಗದು.

ಕರಿದ ಎಣ್ಣೆ

ಒಮ್ಮೆ ಕರಿದ ಎಣ್ಣೆಯನ್ನು ಮುಟ್ಟಲೇಬಾರದು ಎನ್ನುವುದೂ, ಮುಗಿಯುವ ತನಕ ಕರಿಯಬಹುದು ಎನ್ನುವುದೂ ಎರಡೂ ತಪ್ಪು. ತೆಂಗಿನೆಣ್ಣೆ ಗಾಳಿಗೆ ಬೇಗ ಹಳಸುವುದಿಲ್ಲ, ಆದರೆ ತೇವದ ಅಂಬಡೆ ಬಿದ್ದಾಗ ನೀರಿನಿಂದ ಒಡೆಯುತ್ತದೆ. ಒಡೆದಷ್ಟೂ ಬೇಗ ಹೊಗೆಯಾಡುತ್ತದೆ. ಹಪ್ಪಳ ಕರಿದದ್ದು ಇನ್ನೂ ಬೇಗ ಕೆಡುತ್ತದೆ, ಅದರಲ್ಲಿರುವ ಕ್ಷಾರ ಎಣ್ಣೆಯ ಆಮ್ಲದೊಂದಿಗೆ ಸೇರಿ ಸಾಬೂನಾಗಿ ನೊರೆ ಕಟ್ಟುತ್ತದೆ. ಬಾಣಲೆಯಲ್ಲಿ ಏನನ್ನೂ ಹಾಕದೆ ಎಣ್ಣೆ ಕಾಯಿಸಿ ನೋಡಿ: ಅಂಚಿನಲ್ಲಿ ಸಣ್ಣ ನೊರೆ ಎದ್ದು ಒಡೆಯದೆ ನಿಂತರೆ, ಹೊಗೆ ಮಾಮೂಲಿಗಿಂತ ಮೊದಲೇ ಎದ್ದು ಗಂಟಲು ಕೆರೆದರೆ, ಸೌಟಿನಿಂದ ದಪ್ಪಗೆ ಎಳೆಯಾಗಿ ಇಳಿದರೆ ಅದರ ಕಾಲ ಮುಗಿಯಿತು. ಹೋಟೆಲುಗಳಿಗೆ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಇಂಥ ಒಡೆದ ಅಂಶ ಶೇಕಡ 25 ಮೀರಬಾರದೆಂದು ಮಿತಿ ಹಾಕಿದೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲದ ಕಾರಣ ಕಣ್ಣು, ಮೂಗನ್ನೇ ನಂಬಬೇಕು.

ಅಂಬಡೆ ಮಾತ್ರ ಕರಿದ ತಿಳಿ ಎಣ್ಣೆಯನ್ನು ಕೈ ತಾಳುವಷ್ಟು ಆರಿಸಿ, ಹತ್ತಿ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕತ್ತಲೆಯಲ್ಲಿಡಿ. ಹಿತ್ತಾಳೆ, ತಾಮ್ರ ಬೇಡ, ಆ ಲೋಹಗಳು ಎಣ್ಣೆ ಹಳಸುವುದನ್ನು ಜೋರು ಮಾಡುತ್ತವೆ. ಎರಡು ವಾರದೊಳಗೆ ಒಗ್ಗರಣೆಗೂ ದೋಸೆ ಕಾವಲಿಗೆ ಸವರಲೂ ಮುಗಿಸಿ, ಹೊಸ ಎಣ್ಣೆಗೆ ಬೆರೆಸಬೇಡಿ. ಆದ್ದರಿಂದ ಮುಂದೆ ಅಡುಗೆಯವರಿಗೆ ಮೊದಲೇ ಹೇಳಿ: ಅಂಬಡೆ ಮೊದಲು ಕರಿದು, ಬೇಕಾದಷ್ಟು ಎಣ್ಣೆ ಬೇರೆ ತೆಗೆದಿಟ್ಟು, ಕೊನೆಗೆ ಸ್ವಲ್ಪ ಎಣ್ಣೆಯಲ್ಲಿ ಹಪ್ಪಳ. ಈಗಿನ ನಿಮ್ಮ 2 ಲೀಟರ್ ಎರಡನ್ನೂ ಕರಿದದ್ದು, ನೊರೆ ನಿಲ್ಲುತ್ತಿದ್ದರೆ ಮರದ ಹುಡಿಗೆ ಹೀರಿಸಿ ಎಸೆಯಿರಿ. ತೋಡಿಗೂ ತೊಟ್ಟಿಯ ಪೈಪಿಗೂ ಹೊಯ್ಯಬೇಡಿ.

ಬೂದುಕುಂಬಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡೀ ಕಾಯಿ ತಿಂಗಳುಗಟ್ಟಲೆ ನಿಲ್ಲುವುದು ಸಿಪ್ಪೆಯ ಮೇಲಿನ ಬೂದಿಯಂಥ ಮೇಣದಿಂದ. ಕತ್ತರಿಸಿದ ಮೇಲೆ ಮೊದಲು ಕೆಡುವುದು ಬೀಜವಿರುವ ತಿರುಳು. ಅದನ್ನು ಕೆರೆದು ತೆಗೆದು, ಬಟ್ಟೆ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಐದಾರು ದಿನ. ತೆಗೆದ ತಿರುಳು ಅದೇ ದಿನದ ದೋಸೆಗೆ, ಸಿಪ್ಪೆ ಚಟ್ನಿಗೆ.

ಕರೆಂಟು ಹೋದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್‌ನ ಕೆಳಭಾಗ ಸುಮಾರು 4 ಗಂಟೆ ತಂಪನ್ನು ಹಿಡಿಯುತ್ತದೆ. ತುಂಬಿದ ಡೀಪ್ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಫ್ರಿಜ್‌ನ ಮೇಲಿನ ಸಣ್ಣ ಫ್ರೀಜರ್ ಅಷ್ಟು ತಡೆಯುವುದಿಲ್ಲ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಇಟ್ಟರೆ ಅವಧಿ ಹೆಚ್ಚುತ್ತದೆ. ಒಂದು ಸಣ್ಣ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಡಿ. ನೀವಿಲ್ಲದಾಗ ಕರೆಂಟು ಹೋಗಿ ಬಂದಿದ್ದರೂ ನಾಣ್ಯ ತಳ ಸೇರಿದ್ದರೆ ಒಳಗಿದ್ದದ್ದೆಲ್ಲ ಒಮ್ಮೆ ಕರಗಿತ್ತು ಎಂದು ಗೊತ್ತಾಗುತ್ತದೆ. ಕಾಯಿತುರಿಯಲ್ಲಿ ಇನ್ನೂ ಮಂಜಿನ ಹರಳಿದ್ದರೆ ಮತ್ತೆ ಹೆಪ್ಪುಗಟ್ಟಲು ಬಿಡಬಹುದು. ಪೂರ್ತಿ ಕರಗಿಯೂ ಕೈಗೆ ತಣ್ಣಗಿದ್ದರೆ ಅದೇ ಹೊತ್ತಿನ ಅಡುಗೆಗೆ. ಬೆಚ್ಚಗಾಗಿದ್ದರೆ ಬೇಡ.

ಈಗ ಕೈಯಲ್ಲಿರುವ ಕೆಟ್ಟ ಗಡಿಗಳನ್ನು ಚಿಪ್ಪಿನಿಂದ ಬಿಡಿಸಿ, ಚೂರು ಮಾಡಿ, ಗೊಬ್ಬರದ ಗುಂಡಿಗೆ ಹಾಕಿ ಮೇಲೆ ತರಗೆಲೆ, ಮಣ್ಣು ಮುಚ್ಚಿ. ಮುಚ್ಚದಿದ್ದರೆ ಜಿಡ್ಡಿನ ವಾಸನೆಗೆ ಇಲಿ, ಹಂದಿ ಬರುತ್ತವೆ. ಚಿಪ್ಪು ಒಣಗಿಸಿ ಬಚ್ಚಲಿನ ಒಲೆಗೆ. ಮುಂದಿನ ಪೂಜೆಗೆ ವಿಧಿಗೆ ಬೇಕಾದಷ್ಟೇ ಕಾಯಿ ಒಡೆದು, ಅಡುಗೆಯ ಕಾಯಿಯನ್ನು ಜನ ಬಂದದ್ದು ನೋಡಿಕೊಂಡು ಎರಡು ಸಲವಾಗಿ ಒಡೆಯಲು ಹೇಳಿ. ಒಡೆಯದ ಕಾಯಿ ಒಂದೆರಡು ತಿಂಗಳು ಯಾವ ಫ್ರಿಜ್ಜೂ ಇಲ್ಲದೆ ಇರುತ್ತದೆ.